ಕುಳ್ಳರ ಸಾಲು

ನಮ್ಮತ್ತೆ ನನ್ನನ್ನು ಮೊದಲ ಸಲ ನೋಡಿದಾಗ ಆಡಿದ ಮಾತು ಇದು: "ಬೈತಲೆ ಒಂದು ಎಳೆ ಎಡಕ್ಕೆ ಹೋಗಿದೆ. ಉಳಿದಿದ್ದೆಲ್ಲ ಚೆನ್ನಾಗಿದೆ." ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಅಂಗಡಿಯಲ್ಲಿಟ್ಟ ಸರಕೇ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಮದುವೆಯಾಗಿ ಮನೆಗೆ ಬಂದ ಮೇಲೆ ಗೊತ್ತಾಯಿತು, ಅದು ಅವರ ಬಾಯಿಂದ ಬರಬಹುದಾದ ಭಾರಿ ಹೊಗಳಿಕೆ. ಅವರ ಲೆಕ್ಕದಲ್ಲಿ ಹತ್ತಕ್ಕೆ ಎಂಟು. ಸ್ವಂತ ಮಗನಿಗೆ, ಅಂದರೆ ನನ್ನ ಗಂಡನಿಗೆ, ಅವರು ಆರರ ಮೇಲೆ ಕೊಟ್ಟಿದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಅತ್ತೆ ಮೂವತ್ತೆರಡು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವರು. ಆದರೆ ಅವರ ಹೆಸರು ಹಬ್ಬಿದ್ದು ಕಾರ್ಡುಗಳಿಂದ. ಕಾರ್ಡು ಅಂದರೆ ಇಸ್ಪೀಟಲ್ಲ, ಅವರು ಚಿಕ್ಕವರಿದ್ದಾಗ ಬಬಲ್‌ಗಮ್ ಪೊಟ್ಟಣದಲ್ಲಿ ಬರುತ್ತಿದ್ದ ಚಿತ್ರದ ಕಾರ್ಡು. 'ಪೆದ್ದು ರಾಕ್ಷಸರು' ಅಂತ ಅದರ ಹೆಸರು, ಒಟ್ಟು ನಲವತ್ತೆಂಟು. ಇಲಿಗೆ ಹೆದರಿ ಮೇಜು ಹತ್ತಿದ ರಾಕ್ಷಸ, ಬಿಕ್ಕಳಿಕೆ ನಿಲ್ಲದ ರಾಕ್ಷಸ, ಹಲ್ಲು ಕೀಳುವಾಗ ಅಮ್ಮಾ ಅಂತ ಅಳುವ ರಾಕ್ಷಸ. ಆ ಕಾಲದ ಮಕ್ಕಳು ಗಮ್ ಅಗಿದರು, ಕಾರ್ಡುಗಳನ್ನು ಜೇಬಿಗೆ ತುರುಕಿದರು, ಗೋಡೆಗೆ ಅಂಟಿಸಿದರು, ಸೈಕಲ್ ಚಕ್ರಕ್ಕೆ ಸಿಕ್ಕಿಸಿ ಟರ್‍ರ್ ಅನ್ನಿಸಿದರು. ಹೀಗೆ ಮುಕ್ಕಾಲು ಪಾಲು ಮಣ್ಣುಪಾಲಾಯಿತು. ಕಂಪನಿಯೂ ಬಾಗಿಲು ಹಾಕಿತು. ಉಳಿದ ಚೂರುಪಾರಿಗೆ ಈಗ ತಲೆ ನರೆತವರು ಮುಗಿಬೀಳುತ್ತಾರೆ.

ಮೊದಮೊದಲು ನನಗೆ ನಗು ಬರುತ್ತಿತ್ತು. ವಯಸ್ಸಾದ ಹೆಂಗಸು ಕಿಟಕಿ ಪಕ್ಕ ಕೂತು ರಾಕ್ಷಸನ ಮೂಗನ್ನು ಅರ್ಧ ಗಂಟೆ ನೋಡುವುದೆಂದರೆ! ಆದರೆ ಒಂದು ದಿನ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದೆ. ಅವತ್ತಿನಿಂದ ನನ್ನ ನಗು ನಿಂತಿತು. ನಾನು ಬೇಗ ಯಾರನ್ನೂ ಮೆಚ್ಚುವವಳಲ್ಲ, ಅದು ನನ್ನ ತವರಿನವರಿಗೂ ಗೊತ್ತು. ಅತ್ತೆಯನ್ನು ಮಾತ್ರ ಮನಸಾರೆ ಮೆಚ್ಚಿದೆ.

ಕೆಲಸಕ್ಕೆ ಕೂರುವ ಮೊದಲು ಅವರು ಸೋಪು ಹಾಕಿ ಕೈ ತೊಳೆಯುತ್ತಾರೆ, ಒರೆಸುತ್ತಾರೆ, ಆಮೇಲೆ ಎರಡು ನಿಮಿಷ ಕೈಗಳನ್ನು ಗಾಳಿಗೆ ಹಿಡಿದು ಕೂರುತ್ತಾರೆ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವರು ಬಕೆಟ್ ಮುಟ್ಟುವುದಿಲ್ಲ. ಕೈ ಪೂರ್ತಿ ಒಣಗಿದ ಮೇಲೆ ಕಾರ್ಡನ್ನು ಅಂಚಿನಲ್ಲಷ್ಟೇ ಎರಡು ಬೆರಳಲ್ಲಿ ಎತ್ತುತ್ತಾರೆ. ಮೊದಲು ಮಾರುದೂರ ಹಿಡಿದು ಮುಖ ನೋಡುವುದು. ಚಿತ್ರ ನಡುವಿಗೆ ಕೂತಿದೆಯೋ, ಒಂದು ಕಡೆಯ ಅಂಚು ಹೆಚ್ಚಾಗಿದೆಯೋ ಅಂತ. ಆಮೇಲೆ ಭೂತಗನ್ನಡಿಯಲ್ಲಿ ಮೂಲೆ. ಆ ಭೂತಗನ್ನಡಿ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ತಂದುಕೊಟ್ಟಿದ್ದು. ಆಮೇಲೆ ಕಾರ್ಡನ್ನು ಓರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ನೇರ ನೋಡಿದರೆ ಕಾಣದ ಮಡಿಕೆ ಆಗ ಕೂದಲೆಳೆ ಥರ ಎದ್ದು ಕಾಣುತ್ತದೆ. ತಿರುಗಿಸಿ ಬೆನ್ನು ನೋಡುತ್ತಾರೆ, ಅಲ್ಲಿ ಗಮ್ಮಿನ ಎಣ್ಣೆ ಕಲೆ ಇರುತ್ತದೆ. ಮೂಸುತ್ತಾರೆ. ಕೊನೆಗೆ ಉಕ್ಕಿನ ಸ್ಕೇಲ್ ಇಟ್ಟು ಅಳೆಯುತ್ತಾರೆ. ಉದ್ದ ಎಂಬತ್ತೊಂಬತ್ತು ಮಿಲಿಮೀಟರ್, ಅಗಲ ಅರವತ್ತಮೂರು. ಅದಕ್ಕಿಂತ ಕಡಿಮೆ ಇದ್ದರೆ ಯಾರೋ ಸವೆದ ಮೂಲೆಯನ್ನು ಚೂಪು ಮಾಡಲು ಅಂಚು ಕತ್ತರಿಸಿದ್ದಾರೆ ಅಂತಲೇ ಅರ್ಥ. ಕತ್ತರಿಸಿದ ಕಾರ್ಡಿಗೆ ಮೂರು ಕಾಸಿನ ಬೆಲೆಯಿಲ್ಲ.

ಅವರು ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸವಾಯಿತು. ಕಾರ್ಡಿನ ಸಂಖ್ಯೆ, ಮೂಲೆ, ಅಂಚು, ಬೆನ್ನು, ಅಳತೆ, ಹತ್ತಕ್ಕೆ ಎಷ್ಟು, ನೋಡಿದವರು ಯಾರು. ಒಂದು ಕಾಲಂ ಖಾಲಿ ಬಿಟ್ಟರೂ ಇಡೀ ಸಾಲು ಮತ್ತೆ ಬರೆಸುತ್ತಿದ್ದರು. "ಖಾಲಿ ಬಿಟ್ರೆ ನಾವು ನೋಡಿಲ್ಲ ಅಂತ ಅರ್ಥ ಕಣೇ" ಅನ್ನುತ್ತಿದ್ದರು. ಕೊಟ್ಟ ತೀರ್ಪನ್ನು ಹೊಡೆದುಹಾಕಿದ್ದು ಮಾತ್ರ ಒಂದು ಸಲವೂ ಇರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಕಾರ್ಡಿನವರು ಸೇರುತ್ತಾರೆ. ಒಂದು ಉದ್ದದ ಮೇಜು, ಹನ್ನೆರಡು ಕುರ್ಚಿ. ಮೇಜಿನ ಕೊನೆಗೆ, ಕಿಟಕಿಯ ಹತ್ತಿರ, ಅತ್ತೆಯ ಜಾಗ. ಒಮ್ಮೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಕಪ್ಪು ಅಂಚಿನ ಕಾರ್ಡು ತಂದ. ಥಳಥಳ ಹೊಳೆಯುತ್ತಿತ್ತು. ಅತ್ತೆ ಮೂಸಿದರು, ಮೇಜಿನ ಮೇಲಿಟ್ಟರು. "ಇದಕ್ಕೆ ಬಣ್ಣ ಹಚ್ಚಿದಾರೆ. ವಯಸ್ಸು ಮುಚ್ಚೋಕೆ" ಅಂದರು. ಆ ಮನುಷ್ಯನ ತಲೆಯೂ ಅವತ್ತು ತಾನೇ ಬಣ್ಣ ಹಚ್ಚಿಕೊಂಡು ಕರ್‍ರಗೆ ಮಿಂಚುತ್ತಿತ್ತು. ಇಡೀ ಮೇಜು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವನ ಹೆಸರು 'ಡೈ' ಅಂತಲೇ ಆಯಿತು. ಪಾಪ, ಆಮೇಲೂ ಅವನು ಪ್ರತಿ ಭಾನುವಾರ ಬರುತ್ತಾನೆ. ಅತ್ತೆ ಸರಿ ಅಂದರೆ ಜಗತ್ತಿನಲ್ಲಿ ಯಾರೂ ತಪ್ಪು ಅನ್ನುವುದಿಲ್ಲ ಅಂತ ಅವನಿಗೂ ಗೊತ್ತು.

ಇನ್ನು ಬೈಂಡರ್ ಮಾವನ ವಿಷಯ. ಅತ್ತೆಗೆ ಒಬ್ಬನೇ ತಮ್ಮ, ಮೂರು ವರ್ಷಕ್ಕೆ ಚಿಕ್ಕವರು, ಪುಸ್ತಕ ಕಟ್ಟುವ ಅಂಗಡಿ ಇಟ್ಟುಕೊಂಡವರು. ಅಕ್ಕ ತಮ್ಮ ಇಬ್ಬರೂ ಕಾರ್ಡಿನ ಹುಚ್ಚಿನಲ್ಲಿ ಒಟ್ಟಿಗೇ ಬೆಳೆದವರು. ಕಂಪನಿ ಮುಚ್ಚಿದ ಸುದ್ದಿ ಬಂದ ದಿನ ಇಬ್ಬರೂ ಬೀದಿಯ ಕೊನೆಯ ಅಂಗಡಿಗೆ ಓಡಿ, ಕೊನೆಯ ಡಬ್ಬಿಯಲ್ಲಿ ಉಳಿದಿದ್ದ ಎರಡೇ ಎರಡು ಪೊಟ್ಟಣ ತಂದಿದ್ದರಂತೆ. ಅಕ್ಕನಿಗೆ ಹನ್ನೊಂದು ವರ್ಷ, ತಮ್ಮನಿಗೆ ಎಂಟು. ಅವನು ಮನೆ ಮೆಟ್ಟಿಲು ಹತ್ತುವ ಮೊದಲೇ ತನ್ನದನ್ನು ಹರಿದು ಗಮ್ ಬಾಯಿಗೆ ಹಾಕಿಕೊಂಡ. ಅಕ್ಕ ತನ್ನದನ್ನು ಒಡೆಯಲೇ ಇಲ್ಲ. ಆ ಪೊಟ್ಟಣ ಮೇಣದ ಕಾಗದ ಹಾಗೇ ಇದ್ದಂತೆ ಅತ್ತೆಯ ಬೀರುವಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಬಾಯಿ ಬಿಚ್ಚದ ಪೊಟ್ಟಣ ಊರಿಗೆಲ್ಲ ಅದೊಂದೇ. ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು ತಮ್ಮ ಕಾರನ್ನೇ ಕೊಡುತ್ತೇನೆ ಅಂದಿದ್ದರು. ಅತ್ತೆ, "ನಂಗೆ ಓಡಿಸೋಕೆ ಬರಲ್ಲ" ಅಂದಿದ್ದರು.

ಒಂಬತ್ತು ವರ್ಷದ ಹಿಂದೆ ಒಂದು ಭಾನುವಾರ ಬೈಂಡರ್ ಮಾವ ಹೊಸ ಅಂಗಿ ಹಾಕಿಕೊಂಡು ವಾಚನಾಲಯಕ್ಕೆ ಬಂದರು. ಜೇಬಿನಿಂದ ಮೆಲ್ಲಗೆ ಒಂದು ಕಾರ್ಡು ತೆಗೆದು ಅಕ್ಕನ ಮುಂದಿಟ್ಟರು. ನಲವತ್ನಾಲ್ಕು. ಮೇಷ್ಟರ ಕಿವಿ ಹಿಂಡುತ್ತಿರುವ ರಾಕ್ಷಸ. ಎಲ್ಲರೂ ಕುರ್ಚಿ ಬಿಟ್ಟು ಎದ್ದರು. ಆ ಕಾರ್ಡು ಕಂಡಕಂಡಲ್ಲಿ ಶಾಲೆಯ ಮೇಷ್ಟರುಗಳು ಕಿತ್ತುಕೊಂಡು ಹರಿದುಹಾಕಿದ್ದರಿಂದ ನಾಲ್ಕೈದು ಮಾತ್ರ ಉಳಿದಿವೆ, ಅವೂ ಮುದುಡಿದವು. ಇದು ಈಗಷ್ಟೇ ಅಚ್ಚಾದ ಹಾಗಿತ್ತು, ಮೂಲೆಗಳಂತೂ ಬೆರಳಿಗೆ ಚುಚ್ಚುವಂತಿದ್ದವು. "ಅವತ್ತಿನ ಪೊಟ್ಟಣದ್ದು ಅಕ್ಕ. ಇಷ್ಟು ವರ್ಷ ನಿಂಗೂ ತೋರಿಸಿರ್ಲಿಲ್ಲ" ಅಂದರು ಮಾವ. ಅವರ ಮುಖದಲ್ಲಿ ಎಂಟು ವರ್ಷದ ಹುಡುಗನ ಕಳೆ ಇತ್ತು.

ಅತ್ತೆ ಮುಖ ನೋಡಿದರು, ಮೂಲೆ ನೋಡಿದರು, ಬೆನ್ನು ನೋಡಿದರು. ಕೊನೆಗೆ ಸ್ಕೇಲ್ ಇಟ್ಟರು. ಎರಡನೇ ಸಲ ಇಟ್ಟರು. ಮೂರನೇ ಸಲ ಇಟ್ಟರು.

"ಎಂಬತ್ತೆಂಟು" ಅಂದರು. "ಒಂದು ಮಿಲಿಮೀಟರ್ ಕಡಿಮೆ. ಕೆಳಗಿನ ಅಂಚು ಕತ್ತರಿಸಿದೆ."

ಎಲ್ಲರ ಕಣ್ಣೂ ಮಾವನ ಕೈ ಮೇಲೆ ಹೋಯಿತು. ಬೈಂಡರ್! ಅಂಗಡಿಯಲ್ಲೇ ಕಾಗದ ಕತ್ತರಿಸುವ ಮಷಿನ್ ಇರುವವರು. ಕೂದಲಷ್ಟೂ ಅಂಕುಡೊಂಕಿಲ್ಲದೆ ಕತ್ತರಿಸಬಲ್ಲವರು.

"ನಾನು ಕತ್ತರಿಸಿಲ್ಲ ಅಕ್ಕ."

"ನೀನು ಅಂತ ನಾನು ಹೇಳಿಲ್ಲ. ಕತ್ತರಿಸಿದೆ ಅಂದೆ."

"ಪೊಟ್ಟಣದಿಂದ ತೆಗೆದಿದ್ದೂ ನಾನು, ಇಟ್ಕೊಂಡಿದ್ದೂ ನಾನು. ಮತ್ತೆ ಇನ್ಯಾರು ಅಂತ ಅರ್ಥ?"

"ಸ್ಕೇಲ್ ಸುಳ್ಳು ಹೇಳಲ್ಲ" ಅಂದರು ಅತ್ತೆ. ನನ್ನ ಕಡೆ ತಿರುಗಿ, "ಬರ್ಕೋ. ಅಂಚು ಕತ್ತರಿಸಿದೆ, ಬೆಲೆ ಇಲ್ಲ" ಅಂದರು. ನಾನು ದುಂಡು ಅಕ್ಷರದಲ್ಲಿ ಬರೆದೆ. ಸುಳ್ಳೇಕೆ ಹೇಳಲಿ, ಬರೆಯುವಾಗ ನನಗೆ ಹೆಮ್ಮೆಯೇ ಆಗಿತ್ತು. ಮಾವ ಕಾರ್ಡು ಎತ್ತಿಕೊಂಡು ಹೋದವರು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ, ನಮ್ಮ ಮನೆಗೂ ಬರಲಿಲ್ಲ.

ಅತ್ತೆಯ ಹೆಸರು ಮುಗಿಲಿಗೇರಿದ್ದು ಅವತ್ತಿನಿಂದಲೇ. ಒಡಹುಟ್ಟಿದ ತಮ್ಮನನ್ನೂ ಬಿಡಲಿಲ್ಲವಂತೆ, ಅಂತ ಜನ ಬೆರಗಾಗಿ ಹೇಳಿಕೊಂಡರು. ಬೇರೆ ಊರಿನವರೂ ಕಾರ್ಡು ಹೊತ್ತು ಬರತೊಡಗಿದರು. ಅದೇ ಜನ ತಮ್ಮ ಆಲ್ಬಮ್ ಕಟ್ಟಿಸಲು ಮಾತ್ರ ಮಾವನ ಅಂಗಡಿಗೆ ಹೋಗುವುದನ್ನು ಬಿಟ್ಟರು. ಕಾರ್ಡು ಕತ್ತರಿಸುವವನ ಕೈಗೆ ಆಲ್ಬಮ್ ಕೊಡುವುದು ಹೇಗೆ?

ಆ ವರ್ಷದ ಕೊನೆಗೆ ನಮ್ಮ ರಿಜಿಸ್ಟರ್ ತುಂಬಿತು. ನನ್ನ ಗಂಡ ಎಲ್ಲಿಂದಲೋ ಹೊಸದೊಂದನ್ನು ತಂದ. ನೀಲಿ ಬಟ್ಟೆಯ ಹೊದಿಕೆ, ನಾನೂರು ಹಾಳೆ, ಎತ್ತಿದರೆ ಕೈ ಸೋಲುವಂಥ ರಟ್ಟು. ಎಲ್ಲಿ ಕಟ್ಟಿಸಿದ್ದು ಅಂತ ಕೇಳಿದರೆ ಅವನು ಕೆಮ್ಮಿದ. ಅತ್ತೆ ಪುಸ್ತಕ ಬಿಡಿಸಿ ಬೆನ್ನಿನ ಹೊಲಿಗೆಯನ್ನು ಬೆರಳಿನಿಂದ ಸವರಿದರು. ಆ ಹೊಲಿಗೆ ಯಾರದು ಅಂತ ಅವರ ಬೆರಳಿಗೆ ಗೊತ್ತಾಗದೇ ಇರುತ್ತದೆಯೇ? "ಹೂಂ" ಅಂದರು, ಅಷ್ಟೇ. ಅಂದಿನಿಂದ ಅದರಲ್ಲೇ ಬರೆಯುತ್ತ ಬಂದೆವು.

ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಒಬ್ಬ ನರ್ಸ್ ನಮ್ಮ ಮನೆಗೆ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಕೈಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಅವಳ ತಂದೆ ಬಬಲ್‌ಗಮ್ ಕಂಪನಿಯಲ್ಲಿ ಕಾರ್ಡಿನ ಹಾಳೆ ಕತ್ತರಿಸುವ ಮೇಸ್ತ್ರಿಯಾಗಿದ್ದರಂತೆ. ತೀರಿಕೊಂಡು ಒಂದು ವರ್ಷವಾಗಿತ್ತು. "ಇದಕ್ಕೆ ಏನಾದ್ರೂ ಬೆಲೆ ಇದ್ಯಾ ನೋಡ್ತೀರಾ ಅಮ್ಮ? ಇಲ್ಲಾಂದ್ರೂ ಪರವಾಗಿಲ್ಲ" ಅಂದಳು.

ಡಬ್ಬಿಯಲ್ಲಿ ಹನ್ನೊಂದು ಕಾರ್ಡಿದ್ದವು. ಅತ್ತೆ ಕೈ ತೊಳೆದು, ಒಣಗಿಸಿ, ಒಂದೊಂದಾಗಿ ನೋಡಿದರು. ಎಲ್ಲವೂ ನಲವತ್ತೊಂದರಿಂದ ಮೇಲಿನ ಸಂಖ್ಯೆಯವು. ಸ್ಕೇಲ್ ಇಟ್ಟರು. ಎಂಬತ್ತೆಂಟು. ಮುಂದಿನದು ಎಂಬತ್ತೆಂಟು. ಅದರ ಮುಂದಿನದೂ.

"ಕತ್ತರಿಸಿದಾರೆ" ಅಂದೆ ನಾನು, ಪೆನ್ನು ಹಿಡಿದು.

ನರ್ಸ್ ನಕ್ಕಳು. "ಅಯ್ಯೋ, ಅವು ಕುಳ್ಳರು! ನಮ್ಮಪ್ಪ ಹಾಗೇ ಕರೀತಿದ್ರು. ಒಂದು ದೊಡ್ಡ ಹಾಳೇಲಿ ನಲವತ್ತೆಂಟೂ ಅಚ್ಚಾಗ್ತಿತ್ತಂತೆ, ಎಂಟೆಂಟರ ಆರು ಸಾಲು. ಕಂಪನಿ ಮುಳುಗೋ ಹೊತ್ತಿಗೆ ಅಗ್ಗದ ಹಾಳೆ ತರಿಸಿದ್ರಂತೆ. ಅದು ಒಂಚೂರು ಗಿಡ್ಡ. ಹಂಗಾಗಿ ಕೊನೇ ಸಾಲಿನ ಎಂಟೂ ಕುಳ್ಳ ಆಗ್ತಿದ್ವಂತೆ. ಮಕ್ಕಳಿಗೇನು ಗೊತ್ತಾಗತ್ತೆ, ಹಾಕಿ ಕಳಿಸು ಅಂದ್ರಂತೆ ಸಾಹೇಬ್ರು. ಅಪ್ಪನಿಗೆ ಸಾಯೋವರೆಗೂ ಅದೊಂದು ಕೊರಗು."

ಕೊನೆಯ ಸಾಲು. ನಲವತ್ತೊಂದರಿಂದ ನಲವತ್ತೆಂಟು. ಅದರಲ್ಲಿ ನಲವತ್ನಾಲ್ಕೂ ಬರುತ್ತದೆ. ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು, ಅಲ್ಲಿ ಎದುರುಮನೆಯ ಗೋಡೆ ಬಿಟ್ಟರೆ ಬೇರೇನೂ ಇಲ್ಲ.

ನರ್ಸ್ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ನಿಂತರು. "ಆ ಹುಡುಗಿ ಸುಳ್ಳು ಹೇಳಿಲ್ಲ. ಆದ್ರೆ ಕತ್ತರಿಸೋ ಮೇಸ್ತ್ರಿ ಮನೇಲಿದ್ದ ಕಾರ್ಡು. ಅವರೇ ಯಾವತ್ತೋ ಅಂಚು ಸರಿ ಮಾಡಿದ್ರೆ? ಇದನ್ನ ಸಾಕ್ಷಿ ಅಂತ ತಗೊಳಕ್ಕಾಗಲ್ಲ" ಅಂದರು.

"ಮತ್ತೆ ಯಾವುದನ್ನ ತಗೋತೀರಿ?"

"ಯಾರ ಕೈಯೂ ಮುಟ್ಟದೇ ಇರೋದನ್ನ."

ಇಬ್ಬರೂ ಬೀರುವಿನ ಕಡೆ ನೋಡಿದೆವು. ಪೊಟ್ಟಣವನ್ನು ಬೆಳಕಿಗೆ ಹಿಡಿದರೆ ಮೇಣದ ಕಾಗದದೊಳಗಿಂದ ಕೊನೆಯ ಕಾರ್ಡಿನ ಬೆನ್ನಿನ ಸಂಖ್ಯೆ ಮಸುಕಾಗಿ ಕಾಣುತ್ತಿತ್ತು: ನಲವತ್ಮೂರು. ಪೊಟ್ಟಣಕ್ಕೆ ಐದು ಕಾರ್ಡು, ಅವನ್ನು ಸಾಲಾಗಿ ತುಂಬುತ್ತಿದ್ದರು. ಅಂದರೆ ಅದರೊಳಗಿದ್ದದ್ದು ಮೂವತ್ತೊಂಬತ್ತರಿಂದ ನಲವತ್ಮೂರು. ಅಂಗಡಿಯ ಆ ಕೊನೆಯ ಡಬ್ಬಿಯಲ್ಲಿ ಅದರ ಪಕ್ಕದಲ್ಲೇ ಇದ್ದ ಪೊಟ್ಟಣ ತಮ್ಮನದು, ನಲವತ್ನಾಲ್ಕರಿಂದ ಮುಂದಿನದು.

"ಅತ್ತೆ, ಹುಚ್ಚುಗಿಚ್ಚು ಹಿಡೀತಾ? ಒಡೆದ್ರೆ ಅದು ಬರೀ ಐದು ಕಾರ್ಡು. ಊರಿಗೆಲ್ಲ ಒಂದೇ ಇರೋದು!"

"ತಮ್ಮನೂ ಒಬ್ಬನೇ ಇರೋದು" ಅಂದರು ಅತ್ತೆ.

"ಒಡೆದು, ಮಾವ ಹೇಳಿದ್ದೇ ಸರಿ ಅಂತಾದ್ರೆ? ಇವತ್ತು ಜನ ನಿಮ್ಮ ಮಾತನ್ನ ಯಾಕೆ ನಂಬ್ತಾರೆ? ಅವತ್ತು ತಮ್ಮನನ್ನೂ ಬಿಡಲಿಲ್ಲ ಅಂತ. ಅದೇ ತಪ್ಪು ಅಂದ್ಮೇಲೆ ನಿಮ್ಮ ಹೆಸರು ಎಲ್ಲಿ ಉಳಿಯತ್ತೆ?" ನಾನು ಸಿಟ್ಟಿನಲ್ಲೇ ಕೇಳಿದೆ. ಸಿಟ್ಟು ಅವರ ಮೇಲಲ್ಲ, ಹೆದರಿಕೆಯಾದಾಗ ನನಗೆ ಸಿಟ್ಟೇ ಬರುವುದು. ಅತ್ತೆ ಎರಡು ದಿನ ಅನ್ನ ತಿಂದರೋ ಇಲ್ಲವೋ ಅನ್ನುವ ಹಾಗೆ ತಿಂದರು. ದಿನಕ್ಕೆ ಮೂರು ಸಲ ಬೀರು ತೆಗೆಯುತ್ತಿದ್ದರು, ಮುಚ್ಚುತ್ತಿದ್ದರು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನನ್ನನ್ನೂ ನನ್ನ ಗಂಡನನ್ನೂ ಕಿಟಕಿಯ ಮೇಜಿಗೆ ಕರೆದರು. ಕೈ ತೊಳೆದಿದ್ದರು. ಗಾಜಿನ ಪೆಟ್ಟಿಗೆಯಿಂದ ಪೊಟ್ಟಣ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಐವತ್ಮೂರು ವರ್ಷ ಒಡೆಯದೇ ಇಟ್ಟಿದ್ದ ವಸ್ತು. ಹೆಬ್ಬೆರಳಿನ ಉಗುರು ಮಡಿಕೆಯ ಕೆಳಗೆ ಹೋಯಿತು, ಟಪ್ ಅಂತ ಅಂಟು ಬಿಟ್ಟಿತು. ನನ್ನ ಗಂಡ ಮುಖ ಆಚೆ ತಿರುಗಿಸಿಕೊಂಡ. ಹಳೇ ಸಕ್ಕರೆಯ, ಹಳೇ ಪೆಪ್ಪರ್‌ಮಿಂಟಿನ ವಾಸನೆ ಮೂಗಿಗೆ ಬಡಿಯಿತು. ಗುಲಾಬಿ ಬಣ್ಣದ ಗಮ್ಮಿನ ಹಲಗೆ ಮೂರು ಚೂರಾಗಿ ಮೇಜಿಗೆ ಬಿತ್ತು.

ಅತ್ತೆ ಐದು ಕಾರ್ಡನ್ನೂ ಸಾಲಾಗಿ ಇಟ್ಟರು. ಸ್ಕೇಲ್ ಬೇಕೇ ಆಗಲಿಲ್ಲ. ಮೂವತ್ತೊಂಬತ್ತು, ನಲವತ್ತು ಒಂದೇ ಎತ್ತರ. ನಲವತ್ತೊಂದು, ನಲವತ್ತೆರಡು, ನಲವತ್ಮೂರು ಪಕ್ಕದಲ್ಲಿ ತುಸು ಕುಳ್ಳಗೆ ನಿಂತಿದ್ದವು. ಆದರೂ ಅತ್ತೆ ಸ್ಕೇಲ್ ಇಟ್ಟು ಐದನ್ನೂ ಅಳೆದರು. ನಾನು ಬರೆದುಕೊಂಡೆ. ಬರೆಯುವಾಗ ಕಣ್ಣು ಮಂಜಾಗಿ ಒಂದು ಅಂಕಿ ಕೆಳಗಿಳಿಯಿತು. ಅತ್ತೆ ಅದನ್ನೂ ನೋಡಿದರು. "ಸಾಲು ನೆಟ್ಟಗಿರ್ಲಿ" ಅಂದರು.

ವಾಚನಾಲಯದಲ್ಲಿ ಅವತ್ತು ಹತ್ತು ಜನ ಇದ್ದರು. ಅತ್ತೆ ಕೂರಲಿಲ್ಲ. ಹಳೇ ರಿಜಿಸ್ಟರ್ ತೆರೆದು, ಇನ್ನೂರ ಹನ್ನೆರಡನೇ ಪುಟದ ಮೇಲೆ ಕೈಯಿಟ್ಟು, ನಡೆದದ್ದನ್ನೆಲ್ಲ ಹೇಳಿದರು. ಒಡೆದ ಪೊಟ್ಟಣವನ್ನು ಮೇಜಿನ ನಡುವೆ ಇಟ್ಟಾಗ ಹಲ್ಲಿನ ಡಾಕ್ಟರು ತಾವೇ ಹಲ್ಲು ಕೀಳಿಸಿಕೊಂಡವರ ಹಾಗೆ ಕೆನ್ನೆ ಹಿಡಿದುಕೊಂಡರು. ಅತ್ತೆ ಕೆಂಪು ಪೆನ್ನಿನಿಂದ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು.

"ಇದು ಕತ್ತರಿಸಿದ ಕಾರ್ಡಲ್ಲ. ಹುಟ್ಟಿದ್ದೇ ಹಾಗೆ. ತಪ್ಪು ನಂದು. ಇದೇ ಥರ ಇನ್ನು ಮೂರು ಜನರ ಕಾರ್ಡಿಗೂ ಬೆಲೆ ಇಲ್ಲ ಅಂತ ಬರೆಸಿದೀನಿ, ಅವರ ಮನೆಗೂ ಹೋಗಿ ಹೇಳ್ತೀನಿ."

ಡೈ ಬಿಡುತ್ತಾನೆಯೇ? "ಹಾಗಾದ್ರೆ ನೀವು ಇಷ್ಟು ವರ್ಷ ಹೇಳಿದ್ದೆಲ್ಲ ನಾವು ಮತ್ತೆ ನೋಡಿಸ್ಬೇಕಾ ಅಮ್ಮ?"

"ನೋಡಿಸಿ" ಅಂದರು ಅತ್ತೆ. "ತಪ್ಪು ಸಿಕ್ಕಿದ್ರೆ ತನ್ನಿ. ನಿಮ್ಮೆದುರಿಗೇ ಹೊಡೆದು ಹಾಕ್ತೀನಿ."

ಡೈ ತನ್ನ ಜೋಳಿಗೆಗೆ ಕೈ ಹಾಕಿ ಒಂದು ಕಾರ್ಡು ತೆಗೆದು ಅತ್ತೆಯ ಜಾಗದ ಮುಂದಿಟ್ಟ. "ಇದನ್ನ ನೋಡಿ ಕೊಡಿ ಅಮ್ಮ. ಇವತ್ತೇ ಆಗ್ಬೇಕು ಅಂತಿಲ್ಲ" ಅಂದ. ಒಂಬತ್ತು ವರ್ಷದ ಹಿಂದೆ ನಾನು ಹೆಮ್ಮೆಪಟ್ಟದ್ದು ತಪ್ಪು ದಿನಕ್ಕೆ, ಹೆಮ್ಮೆಪಡಬೇಕಾದ್ದು ಇವತ್ತು ಅಂತ ನನಗೆ ಆಗ ಅರ್ಥವಾಯಿತು.

ಅಲ್ಲಿಂದ ನೇರ ಮಾವನ ಅಂಗಡಿಗೆ ಹೊರಟೆವು. ಅತ್ತೆ ಪೊಟ್ಟಣವನ್ನೂ ಐದು ಕಾರ್ಡನ್ನೂ ಕೈಚೀಲದಲ್ಲಿಟ್ಟುಕೊಂಡರು. ನೀಲಿ ರಿಜಿಸ್ಟರ್ ನನ್ನ ಕಂಕುಳಲ್ಲಿ. ಹಳೇ ಸಾಲು ತಪ್ಪು ಅನ್ನುವ ಮಾತನ್ನು ಅದರಲ್ಲಿ ಬರೆದಿದ್ದೆವು, ಅದನ್ನು ತಮ್ಮನಿಗೆ ಓದಿಸಬೇಕು ಅಂತ ಅತ್ತೆಯ ಹಟ. "ಈ ಪುಸ್ತಕದ ರಟ್ಟು ಎಷ್ಟು ದಪ್ಪ ಮಾರಾಯ್ರೆ, ತೋಳು ಬಿದ್ದುಹೋಯ್ತು" ಅಂತ ನಾನು ದಾರಿಯುದ್ದಕ್ಕೂ ಗೊಣಗಿದೆ. ಅತ್ತೆಗೆ ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ.

ಅಂಗಡಿಯಲ್ಲಿ ಅಂಟಿನ ವಾಸನೆ. ಗೋಡೆಗೆ ಒರಗಿಸಿದ ರಟ್ಟುಗಳು, ಮೂಲೆಯಲ್ಲಿ ಆ ಕಟಿಂಗ್ ಮಷಿನ್. ಮಾವ ಯಾವುದೋ ಕಚೇರಿಯ ಹಾಜರಿ ಪುಸ್ತಕ ಹೊಲಿಯುತ್ತ ಕೂತಿದ್ದರು. ತಲೆಯೆತ್ತಿ ಅಕ್ಕನನ್ನು ಕಂಡು ಸೂಜಿ ಕೆಳಗಿಟ್ಟರು. ಇದ್ದ ಒಂದೇ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಮುಂದಕ್ಕೆ ತಳ್ಳಿದರು.

ಅತ್ತೆ ಕೂರದೆ, ಐದು ಕಾರ್ಡನ್ನೂ ಅವರ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಕುಳ್ಳರ ಕಥೆ ಹೇಳಿದರು. ವಾಚನಾಲಯದಲ್ಲಿ ಗೆರೆ ಎಳೆದದ್ದನ್ನು ಹೇಳಿದರು. ಮಾವ ಕಾರ್ಡುಗಳನ್ನು ನೋಡಲೇ ಇಲ್ಲ. ಅವರ ಕಣ್ಣು ಹರಿದ ಮೇಣದ ಕಾಗದದ ಮೇಲಿತ್ತು.

"ಒಡೆದ್‌ಬಿಟ್ಯಾ?" ಅಂದರು.

"ಒಡೆದೆ."

"ಅಮ್ಮ ಹೊಡೆದ್ರೂ ಒಡೆದಿರ್ಲಿಲ್ಲ ನೀನು. ನಾನು ಕಾಲಿಗೆ ಬಿದ್ದು ಕೇಳಿದ್ರೂ ಒಡೆದಿರ್ಲಿಲ್ಲ." ಮಾವ ಆ ಕಾಗದವನ್ನು ಬೆರಳಿನಿಂದ ನೇರ ಮಾಡಿದರು. "ನಾನು ಅವತ್ತೇ ಹೇಳಿದ್ನಲ್ಲ ಅಕ್ಕ, ಕತ್ತರಿಸಿಲ್ಲ ಅಂತ. ಅದನ್ನ ನಂಬೋಕೆ ಇದನ್ನ ಒಡೀಬೇಕಾಯ್ತಾ?"

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು.

"ಹೌದು. ಒಡೀಬೇಕಾಯ್ತು. ಅದೇ ಕಣೋ ನನ್ನ ತಪ್ಪು. ಕಾರ್ಡನ್ನ ಅಳೆದಿದ್ದು ತಪ್ಪಲ್ಲ. ನಿನ್ನ ಮಾತಿಗೂ ಸ್ಕೇಲ್ ಇಟ್ನಲ್ಲ, ಅದು ತಪ್ಪು." ಅವರ ಕಣ್ಣಿಂದ ನೀರು ಇಳಿಯಿತು. ಅಷ್ಟು ಹೊತ್ತಿನಲ್ಲೂ ಕೈಯಿಂದ ಒರೆಸಿಕೊಳ್ಳಲಿಲ್ಲ, ಕೈ ಒದ್ದೆಯಾದರೆ ಕಾರ್ಡು ಮುಟ್ಟುವ ಹಾಗಿಲ್ಲವಲ್ಲ. ಸೆರಗಿನಿಂದ ಒರೆಸಿಕೊಂಡು ಕೇಳಿದರು, "ಆ ಕಾರ್ಡು ಎಲ್ಲಿ? ಇದೆ ತಾನೆ? ಸಿಟ್ಟಿನಲ್ಲಿ ಏನಾದ್ರೂ..."

ಮಾವ ನನ್ನ ಕಡೆ ಕೈ ಚಾಚಿದರು. ನನಗೆ ಅರ್ಥವಾಗಲಿಲ್ಲ. "ಆ ರಿಜಿಸ್ಟರ್ ಕೊಡಮ್ಮ" ಅಂದರು.

ಪುಸ್ತಕವನ್ನು ಮಗುಚಿ ಹಾಕಿ, ಹಿಂದಿನ ರಟ್ಟಿನ ಒಳಗಡೆ ಅಂಟಿಸಿದ್ದ ಕಾಗದದ ಅಂಚಿಗೆ ಚಾಕುವಿನ ತುದಿ ತಾಗಿಸಿ ಮೂರು ಕಡೆ ಮೆಲ್ಲಗೆ ಬಿಡಿಸಿದರು. ಕಾಗದದ ಕೆಳಗೆ ರಟ್ಟಿನಲ್ಲಿ ಒಂದು ಪುಟ್ಟ ಗುಂಡಿ ಕೊರೆದಿತ್ತು. ಗುಂಡಿಯಲ್ಲಿ ತೆಳು ಕಾಗದ ಸುತ್ತಿದ ಒಂದು ಕಾರ್ಡು.

"ಮನೇಲಿಟ್ಕೊಂಡ್ರೆ ಯಾವತ್ತಾದ್ರೂ ಹರಿದು ಬಿಸಾಕ್‌ಬಿಡ್ತೀನಿ ಅಂತ ಭಯ ಆಯ್ತು" ಅಂದರು ಮಾವ. "ನಿನ್ನತ್ರ ಇದ್ರೆ ಯಾವ ಕಾರ್ಡಿಗೂ ಏನೂ ಆಗಲ್ಲ. ಅಂಟು ಮುಟ್ಟಿಸಿಲ್ಲ, ನೋಡ್ಕೋ."

ಒಂಬತ್ತು ವರ್ಷ ಅದೇ ಪುಸ್ತಕದಲ್ಲಿ, ಆ ಕಾರ್ಡಿನ ಮೇಲೆಯೇ ಕೈಯೂರಿ, ಊರವರ ಕಾರ್ಡುಗಳ ತಪ್ಪುಒಪ್ಪು ಬರೆದಿದ್ದೆವು. "ರಟ್ಟಿನೊಳಗೆ ನೋಡೋ ಕಣ್ಣು ನಂಗೆ ಕೊಟ್ಟಿಲ್ವಲ್ಲೋ ದೇವ್ರು" ಅಂದರು ಅತ್ತೆ. ಮಾವನಿಗೆ ನಗು ಬಂತು, ಅಳುವೂ ಬಂತು. ನನ್ನ ಕಥೆ ಕೇಳಬೇಡಿ, ನಾನು ಆಗಲೇ ಮೂಗೊರೆಸಿಕೊಳ್ಳುತ್ತಿದ್ದೆ.

ಅತ್ತೆ ಕಾರ್ಡನ್ನು ಅಂಚಿನಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಮೇಷ್ಟರ ಕಿವಿ ಹಿಂಡುತ್ತಿದ್ದ ರಾಕ್ಷಸ ಹಲ್ಲು ಕಿರಿದ. ನಾನು ಅಭ್ಯಾಸಬಲದಿಂದ ಚೀಲದಿಂದ ಉಕ್ಕಿನ ಸ್ಕೇಲ್ ತೆಗೆದು ಅವರ ಮುಂದೆ ಹಿಡಿದೆ.

"ಅದನ್ನ ಒಳಗಿಡು" ಅಂದರು.

ನಾನು ಪೆನ್ನು ತೆರೆದೆ. "ಎಷ್ಟು ಬರೀಲಿ ಅತ್ತೆ?"

"ಅವನನ್ನ ಕೇಳು."

ಮಾವ ಹಲಗೆಗೆ ಬಾಗಿ, ಕನ್ನಡಕ ಹಣೆಗೇರಿಸಿ, ತುಂಬ ಹೊತ್ತು ನೋಡಿದರು. "ಕೆಳಗಿನ ಎಡ ಮೂಲೆ ಒಂಚೂರು ಮೆತ್ತಗಾಗಿದೆ. ಎಂಟೂವರೆ" ಅಂದರು. ಒಂಬತ್ತು ಅಂದಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಕ್ಕನಿಗೆ ತಕ್ಕ ತಮ್ಮ.

"ಬರ್ಕೋ" ಅಂದರು ಅತ್ತೆ. "ಎಂಟೂವರೆ."

ಬರೆದೆ. ನೋಡಿದವರು ಅನ್ನುವಲ್ಲಿ ಮಾವನ ಹೆಸರು 'ಬೈಂಡರ್' ಅಂತ ಬರೆದೆ. ಅಳತೆಯ ಕಾಲಂ ಬಂದಾಗ ತಲೆಯೆತ್ತಿದೆ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಅದನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ. ಅವರು ಮತ್ತೆ ಬರೆಸಲಿಲ್ಲ.